ಲೆನ್ಸಿಗೆ ಬಂದ ಕಾಯಿಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಎಲ್ಲರ ಮುಂದೆ ಹೇಳುತ್ತಾರೆ. ಇರಲಿ. ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ಗೊತ್ತಿಲ್ಲದವರ ಪಕ್ಕದಲ್ಲಿ ದಿನವಿಡೀ ಕುಳಿತು ಕಾರು ಕಲಿಸುವವಳ ಮೂಗಿನ ತುದಿಯಲ್ಲಿ ಮತ್ತೇನು ಇರಬೇಕು? ಡ್ರೈವಿಂಗ್ ಸ್ಕೂಲಿನ ಆ ಕಾರಿನಲ್ಲಿ ನನ್ನ ಕಾಲಿನ ಕೆಳಗೂ ಒಂದು ಬ್ರೇಕಿದೆ. ಅದನ್ನು ಒತ್ತಿ ಒತ್ತಿ ನನ್ನ ಸ್ವಭಾವವೇ ಹಾಗಾಗಿದೆ. ಇವರು ಮಾತ್ರ ನನಗೆ ತದ್ವಿರುದ್ಧ. ಮಿಂಚುಳ್ಳಿಯೊಂದು ನೀರಿಗೆ ಹಾರುವುದನ್ನು ಕಾಯುತ್ತ ಚಹಾ ಮರೆತು, ತಿಂಡಿ ಮರೆತು, ಜೊತೆಗೆ ಬಂದ ಹೆಂಡತಿಯನ್ನೂ ಮರೆತು ಕೂರಬಲ್ಲ ಮನುಷ್ಯ.

ಇವರ ಕಸುಬು ಹಲ್ಲು ಕಟ್ಟುವುದು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕುಳಿತು ಮೇಣದಲ್ಲಿ ವಸಡು ಮಾಡಿ, ಅದಕ್ಕೆ ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ತಯಾರಿಸುತ್ತಾರೆ. ನಮ್ಮ ಊರಿನ ಹಿರಿಯರಲ್ಲಿ ಅರ್ಧ ಜನ ನಗುವುದು ಇವರ ಹಲ್ಲಿನಲ್ಲೇ. ಅಂಥ ಕೈ. ಫೋಟೋ ತೆಗೆಯುವ ಹುಚ್ಚಿಗೂ ಅದೇ ಕೈ ಬಂಡವಾಳ. ಭಾನುವಾರ ಫೋಟೋ ತೆಗೆಯಲು ಸೇರುವ ಇವರ ಬಳಗದಲ್ಲಿ ಉಳಿದವರೆಲ್ಲ ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದರೆ ಇವರು, "ಚಿಟ್ಟೆ ನಿಮಗೋಸ್ಕರ ಕುರ್ಚಿ ಹಾಕ್ಕೊಂಡು ಕೂತಿರುತ್ತಾ?" ಎಂದು ನಕ್ಕು, ಕೈಯಲ್ಲೇ ಹಿಡಿದು, ಉಸಿರು ಕಟ್ಟಿ ತೆಗೆಯುತ್ತಿದ್ದರು. ಬಳಗದಲ್ಲಿ ಬ್ಯಾಂಕಿನ ಮ್ಯಾನೇಜರರೊಬ್ಬರಿದ್ದಾರೆ. ಅವರ ಲೆನ್ಸು ಎಷ್ಟು ದೊಡ್ಡದೆಂದರೆ ಎಲ್ಲರೂ ಅವರನ್ನು ಫಿರಂಗಿ ಎಂದೇ ಕರೆಯುತ್ತಾರೆ. ಆ ಫಿರಂಗಿಯೇ, "ಕೈ ಅಂದ್ರೆ ನಿಮ್ಮ ಯಜಮಾನ್ರದು" ಎಂದು ನನ್ನ ಹತ್ತಿರ ಹೇಳಿದ್ದುಂಟು.

ನಾನು ಈ ಹುಚ್ಚಿಗೆ ಸಾರಥಿ. ಹಕ್ಕಿಗಳು ಮನುಷ್ಯರನ್ನು ಕಂಡರೆ ಹಾರುತ್ತವೆ, ಕಾರನ್ನು ಕಂಡರೆ ಹಾರುವುದಿಲ್ಲ. ಹಾಗಾಗಿ ಭಾನುವಾರ ಸ್ಕೂಲಿನ ಕಾರನ್ನೇ ತಂದು, ಅದರ ತಲೆಯ ಮೇಲಿನ ಸ್ಕೂಲಿನ ಕೆಂಪು ಬೋರ್ಡಿನ ಸಮೇತ ಕೆರೆಯ ದಾರಿಯಲ್ಲಿ ಮೆಲ್ಲಗೆ ಓಡಿಸುತ್ತೇನೆ. ಕಿಟಕಿಯ ಅಂಚಿನ ಮೇಲೆ ಇಡಲು ಇವರದೇ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಕಾಳು ತುಂಬಿ ಒಂದು ಚೀಲ ಹೊಲಿದುಕೊಟ್ಟಿದ್ದೇನೆ. ಲೆನ್ಸನ್ನು ಅದರ ಮೇಲೆ ಮಲಗಿಸಿ ಇವರು ಬೆಳ್ಳಕ್ಕಿ, ಮಿಂಚುಳ್ಳಿ, ಬಾಲ ಕುಣಿಸುವ ಸಿಪಿಲೆ ಎಲ್ಲವನ್ನೂ ತೆಗೆಯುತ್ತಾರೆ. ಆಮೇಲೆ ಕಾರಿಂದ ಇಳಿದು ಚಿಟ್ಟೆಗಳ ಹಿಂದೆ ನಡೆಯುತ್ತಾರೆ. ನಾನು ಕಾರಿನಲ್ಲೇ ಕುಳಿತು ಫ್ಲಾಸ್ಕಿನ ಚಹಾ ಕುಡಿಯುತ್ತೇನೆ.

ತೊಂದರೆ ಶುರುವಾದದ್ದು ಒಂದು ಪುಟ್ಟ ನೀಲಿ ಚಿಟ್ಟೆಯಿಂದ. ಕೆರೆಯಂಚಿನ ಒದ್ದೆ ಮಣ್ಣಿಗೆ ಬರುವ, ಹೆಬ್ಬೆರಳ ಉಗುರಿನಷ್ಟೇ ಇರುವ ಚಿಟ್ಟೆ. ರೆಕ್ಕೆ ಮುಚ್ಚಿ ಕೂತರೆ ಬೂದಿ ಬಣ್ಣ, ಬಿಚ್ಚಿದರೆ ನೀಲಿ. ಬಿಚ್ಚುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ರೆಕ್ಕೆ ಬಿಚ್ಚಿದ ಆ ಚಿಟ್ಟೆಯದೊಂದು ಫೋಟೋ ಬೇಕೆಂದು ಇವರು ಎಷ್ಟೋ ವರ್ಷಗಳಿಂದ ಅದರ ಬೆನ್ನು ಬಿದ್ದಿದ್ದರು. ಆ ಭಾನುವಾರ ಕಾರಿನ ಹತ್ತಿರ ಬಂದಾಗ ಮುಖ ಇಷ್ಟಗಲವಾಗಿತ್ತು. "ಸಿಕ್ತು ಕಣೇ" ಅಂದರು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ನೀಲಿ ಇತ್ತು, ಚಿಟ್ಟೆ ಇರಲಿಲ್ಲ. ನೀರು ಬಿದ್ದ ಶಾಯಿಯ ಹಾಗೆ ಎಲ್ಲವೂ ಕದಡಿಹೋಗಿತ್ತು.

"ಲೆನ್ಸ್ ಕೆಟ್ಟಿದೆ" ಅಂದರು ಇವರು.

ಮುಂದಿನ ವಾರವೂ ಅದೇ ಕಥೆ. ಅದರ ಮುಂದಿನ ವಾರವೂ. ಹೂವಿನ ಮೇಲಿದ್ದ ಹಳದಿ ಚಿಟ್ಟೆ ಎರಡೆರಡಾಗಿ ಕಾಣುತ್ತಿತ್ತು. ಬೇಲಿಯ ಮೇಲಿದ್ದ ಪಿಕಳಾರಕ್ಕೆ ಕಣ್ಣು ಮೂಗು ಇರಲಿಲ್ಲ. ಬಳಗದವರು ಫೋನಿನಲ್ಲಿ ಫೋಟೋ ನೋಡಿ ಏನೂ ಹೇಳದೆ ಸುಮ್ಮನಾಗುತ್ತಿದ್ದರು. ಫಿರಂಗಿ ಮಾತ್ರ, "ಯಾಕೋ ಶಾರ್ಪ್ ಬಂದಿಲ್ಲ ಸಾರ್" ಎಂದು ಬರೆದಿದ್ದರು. ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ರಿಪೇರಿ ಅಂಗಡಿಗೆ ನಾನೇ ಹೊರಟೆ.

ರಿಪೇರಿ ಅಂಗಡಿ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿದೆ. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಇಕ್ಕಟ್ಟಿನ ಮೆಟ್ಟಿಲು. ಒಳಗೆ ಒಂದು ಬಿಳಿ ದೀಪ, ಸಣ್ಣ ಸಣ್ಣ ಸ್ಕ್ರೂಗಳನ್ನು ಹಾಕಿಟ್ಟ ತಟ್ಟೆಗಳು, ಅವುಗಳ ಮಧ್ಯೆ ತುಟಿ ಪಿಟಕ್ಕೆನ್ನದೆ ಕೆಲಸ ಮಾಡುವ ಅಂಗಡಿಯಾತ. ಲೆನ್ಸನ್ನು ಇಟ್ಟುಕೊಂಡು, ಎರಡು ದಿನ ಬಿಟ್ಟು ಬರಲು ಹೇಳಿದ. ಹೋದರೆ, "ಲೆನ್ಸಲ್ಲಿ ಏನೂ ಇಲ್ಲಮ್ಮಾ" ಅಂದ. ಸರಿಯಾಗಿ ನೋಡಿಲ್ಲ ಎಂದು ಅವನಿಗೆ ನಾಲ್ಕು ಮಾತು ಬಿಗಿದು ಬಂದೆ. ಮತ್ತೆ ಚಿಟ್ಟೆ ಕದಡಿತು. ಮತ್ತೆ ಹೋದೆ. ಈ ಸಲ ಅವನು ನನ್ನೆದುರಿಗೇ ಲೆನ್ಸನ್ನು ತನ್ನ ಕ್ಯಾಮರಾಕ್ಕೆ ಹಾಕಿ, ಮೇಜಿನ ಮೇಲಿನ ಸ್ಟ್ಯಾಂಡಿಗೆ ಬಿಗಿದು, ಗೋಡೆಗೆ ಅಂಟಿಸಿದ್ದ ಪತ್ರಿಕೆಯ ಹಾಳೆಯ ಫೋಟೋ ತೆಗೆದು ತೋರಿಸಿದ. ಇರುವೆಯಷ್ಟು ಸಣ್ಣ ಅಕ್ಷರವೂ ಓದಲು ಬರುತ್ತಿತ್ತು.

"ಹಾಗಾದ್ರೆ ಮನೆಗೆ ಹೋದ್ಮೇಲೆ ಇದಕ್ಕೇನಾಗುತ್ತೆ?" ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಲೆನ್ಸನ್ನೇ ಒರೆಸುತ್ತ ಇದ್ದ. ಆಮೇಲೆ, "ಒಂದ್ಸಲ ನಿಮ್ಮ ಯಜಮಾನ್ರನ್ನ ಕರ್ಕೊಂಡು ಬನ್ನಿ ಅಮ್ಮಾ" ಅಂದ.

"ಯಾಕೆ, ಅವರನ್ನೂ ಬಿಚ್ಚಿ ರಿಪೇರಿ ಮಾಡ್ತೀರಾ?" ಎಂದು ಕೇಳಿ, ಲೆನ್ಸನ್ನು ಕಿತ್ತುಕೊಂಡು ಮೆಟ್ಟಿಲು ಇಳಿದೆ.

ಮನೆಗೆ ಬಂದು ಈ ಜಗಳವನ್ನೆಲ್ಲ ಅಭಿನಯ ಮಾಡಿ ತೋರಿಸಿದರೆ ಇವರು ನಗುತ್ತಿದ್ದರು. "ಪಾಪ, ಆ ಮನುಷ್ಯನ ನೀರಿಳಿಸಿ ಬಂದ್ಯಾ? ಬಿಡು, ಇನ್ನೊಂದ್ಸಲ ತೋರಿಸೋಣ" ಅನ್ನುತ್ತಿದ್ದರು. ಮೂರನೆಯ ಸಲ ನಾನು ಹೋಗಲು ತಯಾರಾದಾಗ ಮಾತ್ರ ನಗಲಿಲ್ಲ. ಕ್ಯಾಮರಾವನ್ನು ಅದರ ಚೀಲದಲ್ಲಿಟ್ಟು, ಪಟ್ಟಿಯನ್ನು ಅಂದವಾಗಿ ಸುತ್ತಿ, ಜಿಪ್ಪು ಎಳೆದು ಬೀರುವಿನ ಮೇಲಿಟ್ಟರು.

"ಸಾಕು ಬಿಡು. ಎಷ್ಟು ಹಕ್ಕಿ ಅಂತ ತೆಗೆಯೋದು. ಫಿರಂಗಿಯವರ ಮಗಳಿಗೆ ಆಸೆ ಇದೆಯಂತೆ, ಕೊಟ್ಟುಬಿಡೋಣ."

ಇವರಿಗೆ ಮಾತು ಕಡಿಮೆ. ಸ್ನೇಹಿತರು ಕಡಿಮೆ. ನಮಗೆ ಮಕ್ಕಳಿಲ್ಲ. ಆರು ದಿನ ಮುಚ್ಚಿದ ಕೋಣೆಯಲ್ಲಿ ಬೇರೆಯವರ ಬಾಯಿಯ ಅಚ್ಚಿನ ಮುಂದೆ ಬಗ್ಗಿ ಕೂರುವ ಮನುಷ್ಯ, ಏಳನೆಯ ದಿನ ಆ ಕೆರೆಯ ಹತ್ತಿರ ನೆಟ್ಟಗೆ ನಿಲ್ಲುತ್ತಿದ್ದರು. ಮನೆಗೆ ಬಂದು ಆ ಹಕ್ಕಿ ಹೀಗೆ ಮಾಡಿತು, ಈ ಚಿಟ್ಟೆ ಹಾಗೆ ಕೂತಿತು ಎಂದು ಬುಧವಾರದವರೆಗೂ ಹೇಳುತ್ತಿದ್ದರು. ಕ್ಯಾಮರಾ ಹೋದರೆ ಈ ಮಾತೂ ಹೋಗುತ್ತದೆ. ಎದುರು ಬದುರು ಕುಳಿತು ಇವರು ಸುಮ್ಮನೆ, ನಾನೊಬ್ಬಳೇ ಗಲಗಲ. ಹಾಗೆ ಬದುಕುವುದು ನನಗೆ ಬೇಡವಾಗಿತ್ತು. ಕೊಡಲು ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಲೆನ್ಸ್ ಮಾಡಿದ ಕಂಪನಿಗೇ ಉಗಿದು ಬರೆಯೋಣ ಎಂದು ಮರುದಿನ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತೆ. ಇವರು ಕೆಲಸಕ್ಕೆ ಹೋಗಿದ್ದರು. ಕಂಪನಿಯವರಿಗೆ ಸಾಕ್ಷಿ ಬೇಕಲ್ಲ, ಕೆಟ್ಟ ಫೋಟೋಗಳನ್ನೆಲ್ಲ ಆರಿಸಿ ಒಂದು ಕಡೆ ಹಾಕತೊಡಗಿದೆ. ಆರಿಸುತ್ತ ಹೋದ ಹಾಗೆ ಇನ್ನೊಂದು ಕಡೆ ಒಳ್ಳೆಯ ಫೋಟೋಗಳೂ ಗುಡ್ಡೆಯಾದವು. ಅದೇ ಲೆನ್ಸು, ಅದೇ ದಿನ. ಮಿಂಚುಳ್ಳಿಯ ಕೊಕ್ಕಿನ ತುದಿಯ ನೀರ ಹನಿಯೂ ಕಾಣುತ್ತಿದೆ. ಬೆಳ್ಳಕ್ಕಿಯ ಗರಿಯ ಎಳೆ ಎಳೆಯೂ ಕಾಣುತ್ತಿದೆ. ಇದೇನು ಲೆನ್ಸಪ್ಪಾ, ನಿನಗೆ ಹಕ್ಕಿ ಕಂಡರೆ ಆರೋಗ್ಯ, ಚಿಟ್ಟೆ ಕಂಡರೆ ಕಾಯಿಲೆಯೇ ಎಂದು ಬೈದುಕೊಂಡೆ. ಆದರೆ ಬೇಲಿಯ ಪಿಕಳಾರವೂ ಹಕ್ಕಿಯೇ ತಾನೆ? ಅದು ಯಾಕೆ ಕದಡಿತು?

ಮತ್ತೊಮ್ಮೆ ನೋಡಿದೆ. ಚೆನ್ನಾಗಿ ಬಂದ ಫೋಟೋಗಳೆಲ್ಲ ಕಾರಿನ ಕಿಟಕಿಯಿಂದ ತೆಗೆದವು. ನಾನು ಹೊಲಿದ ಕಾಳಿನ ಚೀಲದ ಮೇಲೆ ಲೆನ್ಸ್ ಮಲಗಿದಾಗ ತೆಗೆದವು. ಕದಡಿದವೆಲ್ಲ ಇವರು ಇಳಿದು ಕೈಯಲ್ಲಿ ಹಿಡಿದು ತೆಗೆದವು.

ಒಂದಾದ ಮೇಲೊಂದು ನೆನಪಾದವು. ಈಚೆಗೆ ಇವರು ಲೋಟದಲ್ಲಿ ಅರ್ಧ ಚಹಾ ಸಾಕು ಅನ್ನುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕದೆ, ಸೆಕೆ ಅನ್ನುತ್ತಿದ್ದರು. ಮಾತಾಡುವಾಗ ಬಲಗೈ ಜೇಬಿನಲ್ಲಿ ಇರುತ್ತಿತ್ತು. ಕಲಿಯಲು ಬಂದವರು ಸ್ಟೀರಿಂಗಿನ ಮೇಲೆ ಕೈ ಇಟ್ಟ ಕೂಡಲೇ, ಇವನು ರಾತ್ರಿ ನಿದ್ದೆ ಮಾಡಿಲ್ಲ, ಇವಳು ಮನೆಯಲ್ಲಿ ಜಗಳ ಆಡಿ ಬಂದಿದ್ದಾಳೆ ಎಂದು ಹೇಳಬಲ್ಲವಳು ನಾನು. ಊರವರ ಕೈಯನ್ನೆಲ್ಲ ನೋಡುತ್ತೇನೆ. ಪಕ್ಕದಲ್ಲಿ ಕೂತು ಊಟ ಮಾಡುವವರ ಕೈ ಕಾಣಲಿಲ್ಲ. ಲೆನ್ಸು, ಲೆನ್ಸು ಎಂದು ಮೆಟ್ಟಿಲು ಹತ್ತಿ ಇಳಿದಿದ್ದೇ ಬಂತು.

ನನಗೆ ಅಳು ಬರುವ ಮೊದಲು ಸಿಟ್ಟು ಬರುತ್ತದೆ. ನೇರವಾಗಿ ಕ್ಲಿನಿಕ್ಕಿಗೆ ಹೋದೆ, ಇವರನ್ನು ಅಲ್ಲೇ ತರಾಟೆಗೆ ತೆಗೆದುಕೊಳ್ಳಬೇಕೆಂದು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇವರು ಬೆನ್ನು ಹಾಕಿ ಕುಳಿತಿದ್ದರು. ಎರಡೂ ಮೊಣಕೈಗಳನ್ನು ಮೇಜಿಗೆ ಒತ್ತಿ, ಮಣಿಕಟ್ಟನ್ನೂ ಅದಕ್ಕೇ ಬಿಗಿಯಾಗಿ ಆನಿಸಿ, ಮೇಣದಲ್ಲಿ ಒಂದು ಹಲ್ಲು ಕೂರಿಸುತ್ತಿದ್ದರು. ಕೂರಿಸಿ, ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಮತ್ತೊಂದು ಹಲ್ಲು ಎತ್ತಿಕೊಂಡರು. ಬೆನ್ನಿನ ಅಂಗಿ ಬೆವರಿಗೆ ಅಂಟಿತ್ತು. ಮೇಜಿನ ನಾಲ್ಕೂ ಕಾಲಿನ ಕೆಳಗೆ ರಟ್ಟನ್ನು ಮಡಚಿ ಇಟ್ಟಿದ್ದರು.

ಡಾಕ್ಟರಮ್ಮ ನನ್ನನ್ನು ಮೆಲ್ಲಗೆ ಈಚೆಗೆ ಕರೆದರು. "ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ" ಅಂದರು. "ಹಲ್ಲಲ್ಲಿ ಏನೂ ವ್ಯತ್ಯಾಸ ಇಲ್ಲ, ಅಷ್ಟೇ ಚೆನ್ನಾಗಿ ಮಾಡ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತೆ. ನರದ ಡಾಕ್ಟರಿಗೆ ತೋರಿಸಿ ಅಂದ್ರೆ, ನಂಗೇನಾಗಿದೆ, ಮೇಜು ಅಲ್ಲಾಡುತ್ತೆ ಅಂತಾರೆ. ದಿನಾ ಬಂದು ಮೊದಲು ಮೇಜಿನ ಕಾಲಿಗೆ ರಟ್ಟು ಇಡ್ತಾರೆ."

"ಅಲ್ಲಾಡುತ್ತಾ ಮೇಜು?"

"ಕಲ್ಲಿನ ಹಾಗೆ ನಿಂತಿದೆ."

ಮನೆಯಲ್ಲಿ ಲೆನ್ಸು, ಇಲ್ಲಿ ಮೇಜು. ಬೈಯಲು ಬಂದವಳು ಇವರಿಗೆ ಕಾಣದ ಹಾಗೆ ಹೊರಗೆ ಬಂದು ಕಾರಿನಲ್ಲಿ ಕುಳಿತು, ಯಾಕೋ ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಅತ್ತೆ. ಇವರಿಗೆ ಎಷ್ಟು ಹೆದರಿಕೆಯಾಗಿರಬೇಕು. ಆ ಕೈ ಬಿಟ್ಟರೆ ನನ್ನ ಹತ್ತಿರ ಏನಿದೆ ಎಂದು ಒಬ್ಬರೇ ಎಷ್ಟು ಸಲ ಯೋಚಿಸಿರಬೇಕು.

ಸಂಜೆ ಏನೂ ಹೇಳಲಿಲ್ಲ. ನಾನು ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡದ್ದು ಅದೇ ಮೊದಲಿರಬೇಕು. "ಭಾನುವಾರ ಇನ್ನೊಂದೇ ಒಂದ್ಸಲ ಹೋಗಿ ಬರೋಣ ರೀ. ಆಮೇಲೆ ಯಾರಿಗೆ ಬೇಕಾದ್ರೂ ಕೊಡಿ" ಎಂದೆ ಅಷ್ಟೆ. ಬೇಡ ಅನ್ನಲು ಬಾಯಿ ತೆಗೆದರು. ನನ್ನ ಮುಖ ನೋಡಿ, ಬೀರುವಿನ ಮೇಲಿಂದ ಕ್ಯಾಮರಾ ಇಳಿಸಿದರು.

ಭಾನುವಾರ ಬಿಸಿಲು ಏರುವ ಹೊತ್ತಿಗೆ ಕೆರೆಯ ಹತ್ತಿರ ಕಾರು ನಿಲ್ಲಿಸಿದೆ. ಇವರು ಇಳಿದರು. ನಾನೂ ಇಳಿದೆ.

"ನೀನ್ಯಾಕೆ? ಚಹಾ ಕುಡಿಯಲ್ವಾ?"

"ಇವತ್ತು ಬೇಡ."

ಒದ್ದೆ ಮಣ್ಣಿನ ಅಂಚಿಗೆ ಬಂದೆವು. ಇವರು ಕ್ಯಾಮರಾವನ್ನು ಕುತ್ತಿಗೆಗೆ ಹಾಕಿಕೊಂಡಿದ್ದರೇ ಹೊರತು ಮುಟ್ಟಲಿಲ್ಲ. ಸುಮ್ಮನೆ ನೋಡುತ್ತ ನಿಂತರು, ಹೋಗಿಬರುತ್ತೇನೆ ಎಂದು ಹೇಳಲು ಬಂದವರ ಹಾಗೆ. ಬಹಳ ಹೊತ್ತಾದ ಮೇಲೆ ಅದು ಬಂತು. ಬೂದಿಯ ಚೂರೊಂದು ಗಾಳಿಗೆ ತೇಲಿ ಬಂದ ಹಾಗೆ ಬಂದು ನಮ್ಮಿಂದ ಸ್ವಲ್ಪ ದೂರದಲ್ಲಿ ಮಣ್ಣಿನ ಮೇಲೆ ರೆಕ್ಕೆ ಮುಚ್ಚಿ ಕುಳಿತಿತು. ಇವರು ಮೆಲ್ಲಗೆ ಮಂಡಿಯೂರಿದರು. ಕ್ಯಾಮರಾ ಎತ್ತಲಿಲ್ಲ.

ನಾನು ಬೆಕ್ಕಿನ ಹೆಜ್ಜೆ ಇಟ್ಟು ಇವರ ಮುಂದೆ ಹೋಗಿ, ಚಿಟ್ಟೆಯ ಕಡೆ ಮುಖ ಮಾಡಿ ಆ ಕೆಸರಿನಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತೆ. ನೀರು ಬಟ್ಟೆಗೆ ಇಳಿಯಿತು.

"ಏನ್ ಮಾಡ್ತಿದೀಯಾ?" ಇವರದು ಪಿಸುದನಿ.

"ಲೆನ್ಸ್ ನನ್ನ ಭುಜದ ಮೇಲಿಡಿ."

ನಾನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು.

"ನೀನು ಒಂದು ನಿಮಿಷ ಸುಮ್ನೆ ಕೂರೋಳಲ್ಲ" ಅಂದರು ಕೊನೆಗೆ. ದನಿ ಬೇರೆಯಾಗಿತ್ತು.

"ಕೂರ್ತೀನಿ. ಇಡಿ."

ಲೆನ್ಸ್ ನನ್ನ ಭುಜಕ್ಕೆ ಬಂತು. ಅದರ ಜೊತೆ ಇವರ ನಡುಕವೂ ಬಂತು. ಕ್ಲಚ್ಚನ್ನು ಅರ್ಧ ಬಿಟ್ಟು, ಮುಂದೆ ಹೋಗಲೋ ಬೇಡವೋ ಎಂದು ಕೂತವರ ಕಾರು ನಡುಗುತ್ತದಲ್ಲ, ಹಾಗೆ. ಅಂಥ ಹೊತ್ತಿನಲ್ಲಿ ಬೈಯಬಾರದು ಎಂದು ನನಗೆ ಗೊತ್ತು. ಪಕ್ಕದವರು ಗಾಬರಿಯಾಗದೆ ಕೂತರೆ ಸಾಕು, ಅರ್ಧ ಸರಿಹೋಗುತ್ತದೆ. ನಾನು ಉಸಿರನ್ನು ನಿಧಾನ ಮಾಡಿದೆ. ನೊಣವೊಂದು ಬಂದು ಕೆನ್ನೆಯ ಮೇಲೆ ಕುಳಿತಿತು, ಕೂರಲಿ ಎಂದು ಬಿಟ್ಟೆ. ಭುಜದ ಮೇಲಿನ ನಡುಕ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ, ನನ್ನೊಳಗೆ ಎಲ್ಲೋ ಇಳಿದು ಅಲ್ಲೇ ನಿಂತ ಹಾಗಾಯಿತು.

ಚಿಟ್ಟೆ ರೆಕ್ಕೆ ಬಿಚ್ಚಿತು. ಅಷ್ಟು ನೀಲಿ ಇರುತ್ತದೆ ಎಂದು ಇವರು ಹೇಳಿದ್ದನ್ನು ಇಷ್ಟು ವರ್ಷ ನಾನು ನಂಬಿರಲಿಲ್ಲ. ಕಿವಿಯ ಪಕ್ಕದಲ್ಲೇ ಕ್ಯಾಮರಾ ಸದ್ದು ಮಾಡಿತು.

ಅದು ಹಾರಿಹೋದ ಮೇಲೂ ಇವರು ಲೆನ್ಸನ್ನು ನನ್ನ ಭುಜದಿಂದ ತೆಗೆಯಲಿಲ್ಲ. ಆಮೇಲೆ ತೆಗೆದರು. ತೆಗೆದು, ಅದೇ ಜಾಗದಲ್ಲಿ ಹಣೆ ಇಟ್ಟರು.

"ಯಾವಾಗ ಗೊತ್ತಾಯ್ತು ನಿಂಗೆ?"

"ಲೆನ್ಸಿಗೆ ಏನೂ ಆಗಿಲ್ಲ ಅಂತ ಗೊತ್ತಾದಾಗ. ನಿಮಗೆ?"

"ನಂಗೆ ಮೊದಲೇ ಗೊತ್ತಿತ್ತು."

ನಾನು ಗರಕ್ಕನೆ ತಿರುಗಿದೆ. "ಮತ್ತೆ ನನ್ನನ್ನ ಯಾಕ್ರೀ ಆ ಅಂಗಡಿಗೆ ಓಡಾಡಿಸಿದ್ರಿ? ಆ ಪಾಪದ ಮನುಷ್ಯನಿಗೆ ಬಾಯಿಗೆ ಬಂದ ಹಾಗೆ ಬೈದಿದೀನಿ."

ಇವರ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ನೀನು ಬೈದು ಬಂದು ನಂಗೆ ಹೇಳ್ತಿದ್ದೆಯಲ್ಲ, ಲೆನ್ಸೇ ಕೆಟ್ಟಿದೆ, ನಿಮ್ಮ ಕೈಯಲ್ಲಿ ತಪ್ಪಿಲ್ಲ ಅಂತ. ನೀನು ಅಷ್ಟು ಜೋರಾಗಿ ಹೇಳಿದಾಗ ನಂಗೂ ಹೌದು ಅನ್ನಿಸ್ತಿತ್ತು. ಇನ್ನೊಂದು ವಾರ ಕಾಯಿಲೆ ಲೆನ್ಸಿಗೇ ಇರಲಿ ಅಂತ ಬಿಟ್ಟೆ."

ಕೆಸರು ಮೆತ್ತಿದ ಕೈಯಲ್ಲೇ ಇವರ ಬಲಗೈ ಹಿಡಿದುಕೊಂಡೆ. ಅದು ನಡುಗುತ್ತಲೇ ಇತ್ತು. ಈ ಸಲ ಜೇಬಿಗೆ ಹೋಗಲಿಲ್ಲ.

ನರದ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದೆವು. ಇವರನ್ನು ಮುಂದೆ ಬಿಟ್ಟು, "ನೀವು ಹೇಳಿದ್ರಲ್ಲ, ಕರ್ಕೊಂಡು ಬಂದಿದೀನಿ. ನಾನು ಅವತ್ತು ಹಾಗೆಲ್ಲ ಮಾತಾಡಬಾರದಿತ್ತು" ಎಂದೆ. ಅಂಗಡಿಯಾತ ಇವರ ಕೈ ನೋಡಲಿಲ್ಲ, ಮುಖ ನೋಡಿ ನಕ್ಕ. ನಾವು ತಂದಿದ್ದ ಲೆನ್ಸನ್ನು ಇಸಿದುಕೊಂಡು ಇನ್ನೊಮ್ಮೆ ಒರೆಸಿಕೊಟ್ಟ. ಡಾಕ್ಟರು ಮಾತ್ರ ಕೈಯನ್ನು ಬಹಳ ಹೊತ್ತು ನೋಡಿದರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ, ನಿಧಾನವಾಗಿ ಕೆಲಸ ಮಾಡಿಕೊಂಡಿರಬಹುದು ಅಂದರು. ಇವರು ಡಾಕ್ಟರಮ್ಮನಿಗೆ ನಿಜ ಹೇಳಿ, ಸೆಟ್ಟುಗಳನ್ನು ಕಡಿಮೆ ಮಾಡಿಕೊಂಡರು. ಮೇಜಿನ ಕಾಲಿನ ರಟ್ಟುಗಳನ್ನು ತಾವೇ ತೆಗೆದು ಕಸಕ್ಕೆ ಹಾಕಿದರಂತೆ. ಮಾತ್ರೆಯಿಂದ ನಡುಕ ಸ್ವಲ್ಪ ತಗ್ಗಿದೆ. ಕೆಲವು ದಿನ ತಗ್ಗುವುದಿಲ್ಲ. ಅಂಥ ದಿನ ಚಹಾ ಅರ್ಧ ಲೋಟ.

ಬಳಗದವರು ವರ್ಷಕ್ಕೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ ತಮ್ಮ ಫೋಟೋಗಳನ್ನು ತೂಗುಹಾಕುತ್ತಾರೆ. ಈ ಸಲ ಇವರು ಕೊಟ್ಟದ್ದು ಒಂದೇ, ನೀಲಿ ಚಿಟ್ಟೆ. ರೆಕ್ಕೆಯ ಅಂಚಿನ ರೋಮವೂ ಕಾಣುತ್ತಿತ್ತು. ಆದರೆ ಎಡಗಡೆಯ ಮೂಲೆಯಲ್ಲಿ ಏನೋ ಒಂದು ಮಸುಕು. ಕಪ್ಪು ಕೂದಲು, ಅದರಲ್ಲಿ ನಾಲ್ಕಾರು ಬಿಳಿ ಎಳೆ, ಒಂದು ಕಿವಿಯ ಅಂಚು. ನನ್ನದೇ.

ಫಿರಂಗಿಯವರು ಕನ್ನಡಕ ತೆಗೆದು, ಹತ್ತಿರ ಹೋಗಿ, ದೂರ ಬಂದು ನೋಡಿದರು. "ಅದ್ಭುತವಾಗಿದೆ ಸಾರ್. ಆದ್ರೆ ಈ ಮೂಲೇಲಿ ಏನೋ ಅಡ್ಡ ಬಂದಿದೆಯಲ್ಲ, ಅದನ್ನೊಂದು ಕತ್ತರಿಸಿಬಿಡಿ."

ಇವರು ಬಲಗೈಯನ್ನು ನನ್ನ ಭುಜದ ಮೇಲಿಟ್ಟು, ಎಂದಿನ ನಿಧಾನದಲ್ಲೇ ಹೇಳಿದರು.

"ಅದನ್ನ ಕತ್ತರಿಸಿದ್ರೆ ಫೋಟೋ ಅಲ್ಲಾಡುತ್ತೆ."